ಮೂರು ಸುತ್ತಿನ ಪಾಠ

ಉಪ್ಪುಂದದ ಕಡಲು ಕಂಡದ್ದು ಮೀನುಗಾರರ ದೋಣಿಗಳನ್ನು ಮಾತ್ರವಲ್ಲ. 1340ರ ದಶಕದಲ್ಲಿ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ ಹೊನ್ನಾವರದಿಂದ ಬಾರಕೂರಿನತ್ತ ಸಾಗಿದ್ದು ಇದೇ ಕರಾವಳಿಯಲ್ಲಿ. ಹೊನ್ನಾವರದಲ್ಲಿ ಆಗ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳಿದ್ದವೆಂದು ಆತ ಬರೆದಿದ್ದಾನೆ.

ತಾಯ್ನಾಡಿಗೆ ಮರಳಿ ಆತ ಹೇಳಿದ ಭಾರತದ ಕಥೆಗಳನ್ನು ಅಲ್ಲಿನವರು ನಂಬಲಿಲ್ಲ. ಹಾಗೆ ಸಂಶಯಪಟ್ಟವರಲ್ಲಿ ಟ್ಯೂನಿಸ್‌ನಲ್ಲಿ ಹುಟ್ಟಿದ ಇಬ್ನ್ ಖಲ್ದೂನ್ (1332-1406) ಕೂಡ ಒಬ್ಬ. ತಾನು ಕಾಣದ್ದನ್ನೆಲ್ಲ ಸುಳ್ಳೆನ್ನಬಾರದೆಂದು ಮಂತ್ರಿಯೊಬ್ಬ ಬುದ್ಧಿ ಹೇಳಿದ್ದನ್ನು ಆತನೇ ತನ್ನ 'ಮುಕದ್ದಿಮ' ಗ್ರಂಥದಲ್ಲಿ ದಾಖಲಿಸಿದ್ದಾನೆ. ಸಮಾಜಗಳು ಒಗ್ಗಟ್ಟಿನಿಂದ ಏಳುವುದನ್ನೂ ಭೋಗದಿಂದ ಬೀಳುವುದನ್ನೂ ವಿವೇಚಿಸುವ, 1377ರಲ್ಲಿ ರಚಿತವಾದ ಈ ಗ್ರಂಥದಲ್ಲಿ ಮಕ್ಕಳ ಕಲಿಕೆಗೂ ದೊಡ್ಡ ಸ್ಥಾನವಿದೆ.

ಖಲ್ದೂನನ ದೃಷ್ಟಿಯಲ್ಲಿ ಪಾಠ ಹೇಳುವುದೂ ಒಂದು ಕಸುಬು. ಬಲೆ ಹೆಣೆಯುವುದು ಒಂದೇ ದಿನಕ್ಕೆ ಕೈಗೆ ಬರುವುದುಂಟೇ? ವಿದ್ಯೆಯೂ ಹಾಗೆಯೇ. ಮೊದಲ ಸುತ್ತಿನಲ್ಲಿ ವಿಷಯದ ಮುಖ್ಯಾಂಶಗಳಷ್ಟೇ; ಎರಡನೆಯದರಲ್ಲಿ ವಿವರಣೆ, ಭಿನ್ನಾಭಿಪ್ರಾಯಗಳು; ಮೂರನೆಯದರಲ್ಲಿ ಉಳಿದ ಗಂಟುಗಳನ್ನೆಲ್ಲ ಬಿಡಿಸಬೇಕು. ಸಾರಾಂಶದ ಪುಸ್ತಕಗಳು ಕಲಿಕೆಯನ್ನು ಹಗುರ ಮಾಡುವ ಬದಲು ಕಷ್ಟಗೊಳಿಸುತ್ತವೆಂದು ಆತ ಎಚ್ಚರಿಸಿದ್ದ. ಪರೀಕ್ಷೆಯ ಮುನ್ನಾ ದಿನ ಗೈಡು ಹಿಡಿದು ಕೂರುವ ವಿದ್ಯಾರ್ಥಿಗಳಿಗೆ ಈ ಮಾತು ಇಂದೂ ಅನ್ವಯಿಸುತ್ತದೆ. ಬಾಯಿಪಾಠ ಮಾಡಿ ಮೌನವಾಗಿ ಕೂತವರಿಗೆ ವಿದ್ಯೆ ಕರಗತವಾಗದು. ನಾಲಿಗೆ ಚರ್ಚೆಯಲ್ಲಿ ಪಳಗಬೇಕು ಎಂಬುದು ಆತನ ಇನ್ನೊಂದು ಸಲಹೆ.

ಪಾಲಕರು ಗಮನಿಸಬೇಕಾದದ್ದು ಶಿಕ್ಷೆಯ ಕುರಿತ ಭಾಗ. ಅತಿ ಕಠೋರವಾಗಿ ಬೆಳೆಸಿದ ಮಗು ಉತ್ಸಾಹ ಕಳೆದುಕೊಂಡು ಸೋಮಾರಿಯಾಗುತ್ತದೆ. ಏಟು ತಪ್ಪಿಸಿಕೊಳ್ಳಲು ಸುಳ್ಳು, ಕಪಟ ಕಲಿಯುತ್ತದೆ. ಕ್ರಮೇಣ ಅದೇ ಸ್ವಭಾವವಾಗುತ್ತದೆ. ದಬ್ಬಾಳಿಕೆಗೆ ಸಿಕ್ಕಿದ ಜನಾಂಗಗಳ ಗತಿಯೂ ಇದೇ ಎಂದು ಆತ ಮನೆಯ ಮಾತನ್ನು ಸಮಾಜಕ್ಕೆ ವಿಸ್ತರಿಸುತ್ತಾನೆ. ಆದರೂ ಆತ ಹೊಡೆತವನ್ನು ಪೂರ್ತಿ ಅಲ್ಲಗಳೆಯಲಿಲ್ಲ. ಅನಿವಾರ್ಯವಾದರೆ ಮೂರು ಏಟು ಮೀರಬಾರದೆಂಬ ಹಿಂದಿನ ವಿದ್ವಾಂಸರೊಬ್ಬರ ಮಿತಿಯನ್ನು ಉಲ್ಲೇಖಿಸಿದ. ನಮ್ಮ 2009ರ ಶಿಕ್ಷಣ ಹಕ್ಕು ಕಾಯ್ದೆ ಇನ್ನೂ ಮುಂದೆ ಹೋಗಿ, ಶಾಲೆಗಳಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ.

ಆದರೆ ಕಾಯ್ದೆಯ ಕೈ ಮನೆಯ ಜಗಲಿಯವರೆಗೆ ಚಾಚುವುದಿಲ್ಲ. ಅಂಕಪಟ್ಟಿ ಕೈಗೆ ಬಂದ ಸಂಜೆ ಏಟಿಗೆ ಅಂಜಿದ ಮಗು ಅದನ್ನು ಬಚ್ಚಿಟ್ಟರೆ ತಪ್ಪು ಯಾರದು? ಉಪ್ಪುಂದವಿರಲಿ, ಬೈಂದೂರಿರಲಿ, 'ಎಷ್ಟು ಬಂತು?' ಎಂಬುದಕ್ಕಿಂತ ಮೊದಲು 'ಏನು ಅರ್ಥವಾಗಲಿಲ್ಲ?' ಎಂದು ಕೇಳುವ ಮನೆಯಲ್ಲಿ ಮಗು ನಿಜ ಹೇಳಲು ಹೆದರುವುದಿಲ್ಲ.