ಬಾರ್ಜ್ ಏರಿ ಕಡಲಿಗೆ ಹೊರಡುವ ಮೀನಮರಿಗಳು

ಮೀನಿಗೆ ಈಜು ಕಲಿಸಬೇಕೆ ಎಂದು ಕೇಳುವುದುಂಟು. ಆದರೆ ಅಮೆರಿಕದ ವಾಯವ್ಯ ಭಾಗದಲ್ಲಿ ಪ್ರತಿ ವಸಂತದಲ್ಲೂ ಲಕ್ಷಾಂತರ ಸಾಲ್ಮನ್ ಮರಿಗಳನ್ನು ಬಾರ್ಜ್‌ಗಳಲ್ಲಿ ತುಂಬಿ ಕಡಲಿನತ್ತ ಸಾಗಿಸಲಾಗುತ್ತದೆ. ಈ ಮೀನುಗಳು ಈಜು ಮರೆತಿಲ್ಲ. ಅವುಗಳನ್ನು ಹೊತ್ತೊಯ್ಯುತ್ತಿದ್ದ ನದಿಯೇ ಹರಿಯುವುದನ್ನು ಬಹುಮಟ್ಟಿಗೆ ನಿಲ್ಲಿಸಿದೆ.

ಇವುಗಳಲ್ಲಿ ಅತ್ಯಂತ ಸಂಕಷ್ಟದಲ್ಲಿರುವುದು ಸ್ನೇಕ್ ನದಿಯ ಸಾಕೈ ಸಾಲ್ಮನ್. ಐಡಹೊ ರಾಜ್ಯದಲ್ಲಿ ಸುಮಾರು 2,000 ಮೀಟರ್ ಎತ್ತರದಲ್ಲಿರುವ ರೆಡ್‌ಫಿಶ್ ಸರೋವರ ಅದರ ತವರು. ಅಲ್ಲಿಂದ ಪೆಸಿಫಿಕ್ ಸಾಗರಕ್ಕೆ ಸುಮಾರು 1,450 ಕಿ.ಮೀ. ದೂರ. 1991ರಲ್ಲಿ ಈ ಮೀನನ್ನು ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿಸಲಾಯಿತು. ಮರುವರ್ಷ ಸರೋವರಕ್ಕೆ ಮರಳಿದ್ದು ಒಂದೇ ಒಂದು ಗಂಡು ಮೀನು. ‘ಒಂಟಿ ಲ್ಯಾರಿ’ ಎಂದು ಜನ ಅದಕ್ಕೆ ಹೆಸರಿಟ್ಟರು.

ಸರೋವರದಲ್ಲಿ ಒಂದೆರಡು ವರ್ಷ ಬೆಳೆದ ಬೆರಳುದ್ದದ ಮರಿಗಳು ವಸಂತದಲ್ಲಿ ಕಡಲಿಗೆ ಹೊರಡುತ್ತವೆ. ಹೊರಡುವ ಹೊತ್ತಿಗೆ ಅವುಗಳ ದೇಹವೇ ಮಾರ್ಪಡುತ್ತದೆ. ಮೈ ಬೆಳ್ಳಿಯಂತೆ ಹೊಳೆಯತೊಡಗುತ್ತದೆ. ಸಿಹಿನೀರಿನಿಂದ ಲವಣವನ್ನು ಹೀರುತ್ತಿದ್ದ ಕಿವಿರುಗಳು ಲವಣವನ್ನು ಹೊರಹಾಕಲು ಅಣಿಯಾಗುತ್ತವೆ. ಆದರೆ ಈ ಸಿದ್ಧತೆ ಬಹುಕಾಲ ಉಳಿಯದು. ಕಡಲು ಸೇರುವುದು ತೀರ ತಡವಾದರೆ ದೇಹ ಪುನಃ ಸಿಹಿನೀರಿನ ಸ್ಥಿತಿಗೆ ಹಿಂದಿರುಗುವ ಸಂಭವವಿದೆ.

ಹಿಂದೆ ಹಿಮಕರಗಿದ ಪ್ರವಾಹವೇ ಮರಿಗಳನ್ನು ಬಹುದೂರ ಒಯ್ಯುತ್ತಿತ್ತು. ಎಷ್ಟೋ ವೇಳೆ ಅವು ಪ್ರವಾಹಕ್ಕೆ ಎದುರುಮುಖವಾಗಿ, ಬಾಲ ಮುಂದಾಗಿಯೇ ತೇಲಿ ಸಾಗುತ್ತವೆ! ಇಂದು ದಾರಿಯಲ್ಲಿ ಎಂಟು ಅಣೆಕಟ್ಟುಗಳಿವೆ: ಸ್ನೇಕ್ ನದಿಯಲ್ಲಿ ನಾಲ್ಕು, ಅದು ಸೇರುವ ಕೊಲಂಬಿಯಾದಲ್ಲಿ ನಾಲ್ಕು. ಮೊದಲನೆಯದಾದ ಬಾನ್ವಿಲ್ 1938ರಲ್ಲಿ, ಕೊನೆಯದಾದ ಲೋಯರ್ ಗ್ರಾನೈಟ್ 1975ರಲ್ಲಿ ಕಾರ್ಯಾರಂಭ ಮಾಡಿದವು. ನಿಂತ ನೀರಿನಲ್ಲಿ ಮರಿಗಳು ತಾವೇ ಈಜಬೇಕು. ನೀರು ಬಿಸಿಯಾಗುತ್ತದೆ, ಹೊಂಚುಹಾಕುವ ಮೀನುಗಳೂ ಹೆಚ್ಚು. ಟರ್ಬೈನ್ ಮೂಲಕ ಹಾದರೆ ಅಲಗಿನ ಹೊಡೆತ, ಒತ್ತಡದ ಏರುಪೇರು. ಕೋಡಿಯಿಂದ ನೀರು ಹರಿಸುವುದು ಮೇಲು, ಆದರೆ ಅದು ಅತಿಯಾದರೆ ನೀರಿನಲ್ಲಿ ಕರಗಿದ ಅನಿಲ ಹೆಚ್ಚಿ ಮೀನುಗಳಿಗೆ ಹಾನಿಯಾಗುತ್ತದೆ.

ಆದ್ದರಿಂದಲೇ ಬಾರ್ಜ್‌ಗಳ ಏರ್ಪಾಡು. ಸೇನಾ ಎಂಜಿನಿಯರುಗಳ ದಳವು ಮೇಲಿನ ಅಣೆಕಟ್ಟುಗಳಲ್ಲಿ ಮರಿಗಳನ್ನು ಸಂಗ್ರಹಿಸಿ ಬಾನ್ವಿಲ್‌ನ ಕೆಳಗೆ ಬಿಡುತ್ತದೆ. ಪ್ರಯಾಣವೇನೋ ಸುರಕ್ಷಿತ. ಆದರೆ ಹೀಗೆ ಹೋದ ಮರಿಗಳು ದೊಡ್ಡವಾಗಿ ಹಿಂದಿರುಗುವಾಗ ದಾರಿ ತಪ್ಪುವುದು ಹೆಚ್ಚು. ನದಿಯನ್ನು ಈಜಿ ದಾಟದವಕ್ಕೆ ಅದರ ವಾಸನೆಯ ನೆನಪು ಸರಿಯಾಗಿ ಮೂಡುವುದಿಲ್ಲವೆಂಬುದು ತಜ್ಞರ ವಿವರಣೆ.

ಮರಿ ಸಾಕುವುದೂ ಸುಲಭವಲ್ಲ. 2013ರಲ್ಲಿ ಐಡಹೊದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಸಾಕೈಗಾಗಿ ದೊಡ್ಡ ಸಾಕಣೆ ಕೇಂದ್ರ ಆರಂಭವಾಯಿತು. ಅಲ್ಲಿಂದ ತಂದು ಬಿಟ್ಟ ಮರಿಗಳು ಮೊದಲ ಅಣೆಕಟ್ಟನ್ನೂ ತಲುಪದೆ ಭಾರಿ ಸಂಖ್ಯೆಯಲ್ಲಿ ಸತ್ತವು. ಕಾರಣ ಹುಡುಕಿದಾಗ ಕಂಡದ್ದು ನೀರಿನ ಗಡಸುತನ: ಕೇಂದ್ರದ್ದು ಗಡಸು ನೀರು, ರೆಡ್‌ಫಿಶ್‌ನದು ಮೆದು ನೀರು. ನಡುವೆ ಬೇರೆ ನೀರಿನಲ್ಲಿರಿಸಿ ಹಂತಹಂತವಾಗಿ ಒಗ್ಗಿಸತೊಡಗಿದ ಮೇಲೆ ಬದುಕುಳಿಯುವ ಪ್ರಮಾಣ ಸುಧಾರಿಸಿತು.

ಸ್ನೇಕ್‌ನ ನಾಲ್ಕು ಅಣೆಕಟ್ಟುಗಳನ್ನು ತೆರವುಗೊಳಿಸಬೇಕೆಂಬುದು ಆ ಸೀಮೆಯ ಮೂಲನಿವಾಸಿಗಳ ಹಳೆಯ ಬೇಡಿಕೆ. ಅವುಗಳ ವಿದ್ಯುತ್ತು, ಗೋಧಿ ಸಾಗಣೆಯ ಜಲಮಾರ್ಗ ಬಿಟ್ಟುಕೊಡಲಾಗದೆಂಬುದು ಎದುರುವಾದ, ಎರಡನ್ನೂ ತಳ್ಳಿಹಾಕುವಂತಿಲ್ಲ. 2023ರ ಡಿಸೆಂಬರ್‌ನಲ್ಲಿ ಬೈಡನ್ ಸರಕಾರವು ಬುಡಕಟ್ಟುಗಳೊಡನೆಯೂ ಎರಡು ರಾಜ್ಯಗಳೊಡನೆಯೂ ಮಾಡಿಕೊಂಡ ಒಪ್ಪಂದವು ಪರ್ಯಾಯಗಳ ಅಧ್ಯಯನಕ್ಕೆ ಹಾದಿ ತೆರೆದಿತ್ತು. 2025ರ ಜೂನ್‌ನಲ್ಲಿ ಟ್ರಂಪ್ ಸರಕಾರ ಅದರಿಂದ ಹಿಂದೆ ಸರಿಯಿತು. ವಿವಾದ ಮತ್ತೆ ನ್ಯಾಯಾಲಯದ ಮೆಟ್ಟಿಲೇರಿತು.