ಪರದೆ ಕಟ್ಟಿದ ಬಸ್ಸು

ಬೆಳಗಿನ ಹೊತ್ತು ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಿಂದ ಹಾಸನಕ್ಕೆ ಬರುವ ಕೆಂಪು ಬಸ್ಸುಗಳಲ್ಲಿ ಕಾಲೇಜು ಹುಡುಗಿಯರದೇ ಗದ್ದಲ. ಬುರ್ಖಾ ತೊಟ್ಟವರೂ ಇರುತ್ತಾರೆ, ಕಿಟಕಿ ಪಕ್ಕದ ಸೀಟಿಗೆ ಅವರದೂ ಪೈಪೋಟಿ. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಟಿಕೆಟ್ಟಿನ ಚಿಂತೆಯೂ ತಪ್ಪಿದೆ. ನೂರು ವರ್ಷದ ಹಿಂದೆ ಕಲ್ಕತ್ತೆಯಲ್ಲಿ ಇಂಥದೇ ಹುಡುಗಿಯರನ್ನು ಶಾಲೆಗೆ ಕರೆತರಲು ಬಸ್ಸು ಓಡಿಸಿ ಬೈಸಿಕೊಂಡವರು ರೊಕೆಯಾ ಸಖಾವತ್ ಹುಸೇನ್.

ಹುಟ್ಟಿದ್ದು 1880ರಲ್ಲಿ, ರಂಗಪುರದ ಪೈರಾಬಂದ್‌ ಎಂಬ ಊರಿನ ಜಮೀನ್ದಾರರ ಮನೆಯಲ್ಲಿ. ಗಂಡುಮಕ್ಕಳು ಕಲ್ಕತ್ತೆಗೆ ಹೋಗಿ ಇಂಗ್ಲಿಷ್ ಕಲಿತರು. ಹೆಣ್ಣುಮಕ್ಕಳಿಗೆ ಕುರಾನ್ ಓದಲು ಬಂದರೆ ಸಾಕಿತ್ತು. ಬಂಗಾಳಿ, ಇಂಗ್ಲಿಷ್‌ಗಳನ್ನು ಅಣ್ಣ ಇಬ್ರಾಹಿಂ ಮನೆಯವರೆಲ್ಲ ಮಲಗಿದ ಮೇಲೆ ಹೇಳಿಕೊಟ್ಟ. ಗಂಡ ಸಖಾವತ್ ಭಾಗಲ್ಪುರದಲ್ಲಿ ಡೆಪ್ಯುಟಿ ಮ್ಯಾಜಿಸ್ಟ್ರೇಟರು, ಹೆಂಡತಿಯ ಬರವಣಿಗೆಗೆ ಒತ್ತಾಸೆಯಾಗಿ ನಿಂತವರು. 1905ರಲ್ಲಿ ಅಚ್ಚಾದ ‘ಸುಲ್ತಾನಾಸ್ ಡ್ರೀಮ್’ ಕಥೆಯಲ್ಲಿ ರೊಕೆಯಾ ಗಂಡಸರನ್ನೇ ಜನಾನಾದೊಳಗೆ ಕೂರಿಸಿಬಿಟ್ಟರು!

1909ರಲ್ಲಿ ಗಂಡ ತೀರಿಕೊಂಡರು. ಶಾಲೆಗೆಂದು ಅವರು ಬಿಟ್ಟುಹೋದ ಹತ್ತು ಸಾವಿರ ರೂಪಾಯಿಯಲ್ಲಿ ಭಾಗಲ್ಪುರದಲ್ಲೇ ಐದು ಮಕ್ಕಳ ಪಾಠ ಶುರುವಾಯಿತು. ಮನೆಯೊಳಗಿನ ಜಗಳದಿಂದ ಊರು ಬಿಡಬೇಕಾಗಿ ಬಂತು. 1911ರಲ್ಲಿ ಕಲ್ಕತ್ತೆಯ ವಲಿಉಲ್ಲಾ ಓಣಿಯಲ್ಲಿ ಎಂಟು ಮಕ್ಕಳೊಂದಿಗೆ ಸಖಾವತ್ ಮೆಮೋರಿಯಲ್ ಶಾಲೆ ಮತ್ತೆ ತೆರೆಯಿತು.

ಬಸ್ಸಿನ ಕಥೆಯನ್ನು ಅವರೇ ‘ಅಬರೋಧ್‌ಬಾಸಿನಿ’ ಪುಸ್ತಕದಲ್ಲಿ ಬರೆದಿದ್ದಾರೆ. ಪರದೆಗೆ ಭಂಗ ಬಾರದಂತೆ ನಾಲ್ಕೂ ಕಡೆ ಮುಚ್ಚಿದ ಗಾಡಿಯದು. ಒಳಗೆ ಕಗ್ಗತ್ತಲು, ಉಸಿರುಗಟ್ಟುವ ಸೆಕೆ. ಮಕ್ಕಳು ವಾಂತಿ ಮಾಡಿಕೊಂಡರು, ಕೆಲವರಿಗೆ ಎಚ್ಚರ ತಪ್ಪಿತು. ಒಂದಿಷ್ಟು ಗಾಳಿಯಾಡಲೆಂದು ಮುಚ್ಚಿದ್ದನ್ನು ತೆರೆದು ಬಟ್ಟೆಯ ಪರದೆ ಇಳಿಬಿಟ್ಟರು. ಆಗ ಕಾಗದಗಳು ಬಂದವು: ಗಾಳಿಗೆ ಪರದೆ ಹಾರುತ್ತಿದೆ, ಮರ್ಯಾದೆ ಹೋಗುತ್ತಿದೆ, ಸರಿಪಡಿಸದಿದ್ದರೆ ಉರ್ದು ಪತ್ರಿಕೆಗಳಲ್ಲಿ ಬರೆಯುತ್ತೇವೆ. ಒಂದು ಕಾಗದದ ಸಹಿಯ ಜಾಗದಲ್ಲಿ ಹೆಸರಿಲ್ಲ, ‘ಇಸ್ಲಾಂ ಬಾಂಧವ’ ಎಂದಷ್ಟೆ. ಹೆಸರು ಮರೆಸಿ ಹೆದರಿಸುವ ಶೌರ್ಯ ಮೊಬೈಲಿನ ಕಾಲದ್ದೇನಲ್ಲ. ರೊಕೆಯಾ ತಾವೇ ಬುರ್ಖಾ ತೊಟ್ಟು ಮನೆಮನೆಗೆ ಹೋಗಿ ಮಕ್ಕಳನ್ನು ಕೇಳಿ ಕರೆತಂದರು. ಇದನ್ನು ರಾಜಿ ಎಂದವರಿದ್ದಾರೆ. ಶಾಲೆ ಉಳಿದದ್ದೇ ಆ ರಾಜಿಯಿಂದ ಎಂದು ನನಗನ್ನಿಸುತ್ತದೆ.

ಅವರಿಗೆ ಕೈಗೂಡದೆ ಹೋದದ್ದು ಭಾಷೆಯ ವಿಷಯ. ಕಲ್ಕತ್ತೆಯ ಅನುಕೂಲಸ್ಥ ಮುಸ್ಲಿಮರಿಗೆ ಬಂಗಾಳಿ ಎಂದರೆ ಅಸಡ್ಡೆ, ಹಾಗಾಗಿ ಶಾಲೆ ನಡೆದದ್ದು ಉರ್ದುವಿನಲ್ಲಿ. ಬಂಗಾಳಿ ವಿಭಾಗ ತೆರೆದರೂ ಮಕ್ಕಳು ಸೇರಲಿಲ್ಲ. ಜೀವಮಾನವಿಡೀ ಬಂಗಾಳಿಯಲ್ಲಿ ಬರೆದವರಿಗೆ ಸ್ವಂತ ಶಾಲೆಯಲ್ಲೇ ಅದನ್ನು ನೆಲೆಗೊಳಿಸಲು ಇಷ್ಟು ಪಾಡು. 1932ರಲ್ಲಿ ತೀರಿಕೊಳ್ಳುವ ಹಿಂದಿನ ರಾತ್ರಿಯೂ ಬರೆಯುತ್ತಿದ್ದರು.

ಹಾಸನದವರಿಗೆ ಈ ಭಾಷೆಯ ಪ್ರಶ್ನೆ ದೂರದ್ದಲ್ಲ. ಇಲ್ಲೇ 1948ರಲ್ಲಿ ಹುಟ್ಟಿದ ಬಾನು ಮುಷ್ತಾಕ್ ಎಂಟನೇ ವಯಸ್ಸಿಗೆ ಶಿವಮೊಗ್ಗದ ಮಿಷನರಿ ಶಾಲೆಯೊಂದರಲ್ಲಿ ಕನ್ನಡ ಮಾಧ್ಯಮಕ್ಕೆ ಸೇರಿದರು. ಆರು ತಿಂಗಳಲ್ಲಿ ಕನ್ನಡ ಓದಿ ಬರೆಯಲು ಕಲಿಯಬೇಕೆಂದು ಶಾಲೆಯವರ ಷರತ್ತು. ಹುಡುಗಿಗೆ ಕೆಲವೇ ದಿನ ಸಾಕಾಯಿತು. ಆ ಕನ್ನಡದಲ್ಲಿ ಬರೆದ ಕಥೆಗಳು ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದದಲ್ಲಿ 2025ರ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದವು.