ಪ್ರಚಾರ ವಾಹನಕ್ಕೊಂದು ಆಂಪ್ಲಿಫೈಯರ್: ಮಿತವ್ಯಯದ ಆಯ್ಕೆ

ಬಯಲಾಟದ ದಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯಗಳ ದಾರಿಯಲ್ಲಿ ಪ್ರಸಂಗದ ಹೆಸರನ್ನು ಕನ್ನಡದಲ್ಲೊಮ್ಮೆ, ಮಲಯಾಳದಲ್ಲೊಮ್ಮೆ ಸಾರುತ್ತ ಜೀಪೊಂದು ಸಾಗುವುದು ನಮಗೆಲ್ಲ ಪರಿಚಿತ. ಅಂಗಳದಲ್ಲಿ ನಿಂತವರಿಗೆ ಸದ್ದು ಕೇಳಿಸುತ್ತದೆ. ಪ್ರಸಂಗ ಯಾವುದೆಂಬುದು ಮಾತ್ರ ತಿಳಿಯುವಷ್ಟರಲ್ಲಿ ಜೀಪು ತಿರುವು ದಾಟಿರುತ್ತದೆ. ಸಂಘದ ಅಲ್ಪ ನಿಧಿಯಲ್ಲಿ ಇಂಥ ವಾಹನವನ್ನು ಸಜ್ಜುಗೊಳಿಸುವ ಹೊಣೆ ಮುಂದೆ ನಿಮ್ಮಲ್ಲಿ ಕೆಲವರಿಗೆ ಬರಬಹುದಾದ್ದರಿಂದ ಈ ಬರಹ.

ನಾವು ‘ಧ್ವನಿವರ್ಧಕ’ ಎನ್ನುವುದು ವಾಹನದ ಮೇಲಿನ ಹಾರ್ನನ್ನು. ಆದರೆ ಧ್ವನಿಯ ಸಂಕೇತವನ್ನು ನಿಜವಾಗಿ ವರ್ಧಿಸುವುದು ಒಳಗಿರುವ ಆಂಪ್ಲಿಫೈಯರ್. ಅದನ್ನು ಕೊಳ್ಳುವಾಗ ಎಲ್ಲರೂ ಮೊದಲು ಕೇಳುವುದು ‘ಎಷ್ಟು ವ್ಯಾಟ್?’ ಎಂದು. ಇದೇ ಮೊದಲ ತಪ್ಪು. ವ್ಯಾಟ್ ಇಮ್ಮಡಿಯಾದರೆ ಹೆಚ್ಚುವುದು 3 ಡೆಸಿಬಲ್ ಮಾತ್ರ. ಕಿವಿಗೆ ಸದ್ದು ಇಮ್ಮಡಿಯೆನಿಸಲು ಸುಮಾರು ಹತ್ತು ಪಟ್ಟು ಶಕ್ತಿ ಬೇಕು. ಕಾರಿನೊಳಗಿನ ಸಾಮಾನ್ಯ ಸ್ಪೀಕರ್ 1 ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ ಸುಮಾರು 90 ಡೆಸಿಬಲ್ ಸದ್ದು ನೀಡಿದರೆ, ಹಾರ್ನ್ 105ರ ಆಸುಪಾಸು ನೀಡುತ್ತದೆ. ಆದುದರಿಂದ ಎರಡು ಹಾರ್ನುಗಳಿಗೆ 40ರಿಂದ 60 ವ್ಯಾಟ್ ಧಾರಾಳವಾಯಿತು.

ಪೆಟ್ಟಿಗೆಯ ಮೇಲೆ ದಪ್ಪಕ್ಷರಗಳಲ್ಲಿ ಬರೆದ ಸಾವಿರ ವ್ಯಾಟನ್ನು ನಂಬಬೇಡಿ. ನೋಡಬೇಕಾದುದು ಆರ್‌ಎಂಎಸ್ ಅಂಕಿಯನ್ನು. ಅದಿಲ್ಲದಿದ್ದರೆ ಫ್ಯೂಸನ್ನು ನೋಡಿ. 12 ವೋಲ್ಟಿನ ಯಂತ್ರದಲ್ಲಿ 10 ಆಂಪಿಯರ್ ಫ್ಯೂಸ್ ಇದ್ದರೆ ಅದು ಬ್ಯಾಟರಿಯಿಂದ ನಿರಂತರವಾಗಿ ಸೆಳೆಯಬಲ್ಲದ್ದೇ ಸುಮಾರು 120 ವ್ಯಾಟ್. ಅದರಲ್ಲೂ ಒಂದಂಶ ಬಿಸಿಯಾಗಿ ಹೋಗುತ್ತದೆ.

ಕಾರಿನ ಸಂಗೀತಕ್ಕೆಂದೇ ಮಾಡಿದ ಆಂಪ್ಲಿಫೈಯರುಗಳಿಗೆ ಸಾಮಾನ್ಯವಾಗಿ ಮೈಕ್ ಜೋಡಿಸಲು ಜಾಗವಿರುವುದಿಲ್ಲ. ಮೈಕ್, ಯುಎಸ್‌ಬಿ ಎರಡೂ ಇರುವ 12 ವೋಲ್ಟಿನದನ್ನೇ ಆರಿಸಿರಿ. ಹಾರ್ನಿನ ಓಮ್ ಲೆಕ್ಕವೂ ಹೊಂದಬೇಕು: 8 ಓಮಿನ ಎರಡನ್ನು ಸಮಾಂತರವಾಗಿ ಜೋಡಿಸಿದರೆ 4 ಓಮ್ ಆಗುತ್ತದೆ, ಅದನ್ನು ತಾಳಿಕೊಳ್ಳದ ಯಂತ್ರ ಸುಟ್ಟುಹೋದೀತು. ಉಳಿದ ಹಣದಲ್ಲಿ ದಪ್ಪ ತಂತಿಯನ್ನೂ ಬ್ಯಾಟರಿಯ ಧನಾಗ್ರದ ಬಳಿಯೇ ಹಾಕಲು ಒಂದು ಫ್ಯೂಸನ್ನೂ ಕೊಳ್ಳಿರಿ. ಇಲ್ಲಿ ಉಳಿತಾಯ ಸಲ್ಲದು.

ಇನ್ನು ನಮ್ಮ ವಿಭಾಗಕ್ಕೆ ಸಂಬಂಧಿಸಿದ ಮಾತು. ಸ, ಶಗಳ ಭೇದ ಅಡಗಿರುವುದು ಧ್ವನಿಯ ಮೇಲಿನ ಕಂಪನಾಂಕಗಳಲ್ಲಿ. ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದರೆ ಅಲೆಯ ತುದಿ ಕತ್ತರಿಸಿದಂತಾಗಿ ಸ್ವರಗಳು ಅಬ್ಬರಿಸುತ್ತವೆ, ವ್ಯಂಜನಗಳು ಅದರಲ್ಲಿ ಮುಳುಗುತ್ತವೆ. ಆಗ ‘ಸಾಲು’ ಯಾವುದು, ‘ಶಾಲು’ ಯಾವುದು? ಬಾಸ್ ತಗ್ಗಿಸಿ, ಗುಂಡಿಯನ್ನು ಮುಕ್ಕಾಲಿಗೆ ನಿಲ್ಲಿಸಿ, ನಿಧಾನವಾಗಿ ಓದಿರಿ. ಮೊದಲೇ ಸದ್ದಿಲ್ಲದ ಕೋಣೆಯಲ್ಲಿ ಧ್ವನಿಮುದ್ರಿಸಿಕೊಂಡರೆ ಇನ್ನೂ ಒಳ್ಳೆಯದು.

ಕೊಳ್ಳುವ ಮುನ್ನ ಒಬ್ಬರನ್ನು ನೂರು ಹೆಜ್ಜೆ ದೂರ ನಿಲ್ಲಿಸಿ, ಕೇಳಿದ್ದನ್ನು ಬರೆಯಹೇಳಿ. ದಿನಾಂಕವೂ ಸ್ಥಳವೂ ಸರಿಯಾಗಿ ಬಂದರೆ ಆ ಯಂತ್ರ ಸಾಕು; ಅಂಗಡಿಯವರು ತೋರಿಸುವ ಇನ್ನೂ ದೊಡ್ಡದು ಬೇಡ. ವಾಹನ ಹೊರಡಿಸಲು 2000ದ ಶಬ್ದಮಾಲಿನ್ಯ ನಿಯಮಗಳಂತೆ ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಹಾರ್ನ್ ಮೌನವಾಗಿರಬೇಕು.